ವಿದ್ಯುತ್ತಿನ ಕೆಲಸ: ನಮ್ಮ ಕೈ ಎಲ್ಲಿಯವರೆಗೆ?

ಮನೆಯ ಸಣ್ಣಪುಟ್ಟ ಕೆಲಸಗಳನ್ನು ಮನೆಯವರೇ ಮಾಡಿಕೊಳ್ಳಬೇಕೆಂಬ ಹುಮ್ಮಸ್ಸು ಮೆಚ್ಚತಕ್ಕದ್ದೇ. ಬಾಗಿಲಿಗೆ ಬಣ್ಣ ಬಳಿಯುವಾಗ ಕೈ ತಪ್ಪಿದರೆ ನೋಟ ಕೆಟ್ಟೀತು. ನಲ್ಲಿಯ ವಾಷರು ಬದಲಿಸುವಾಗ ಕೈ ತಪ್ಪಿದರೆ ನೆಲ ಒದ್ದೆಯಾದೀತು. ವಿದ್ಯುತ್ತಿನ ಕೆಲಸದಲ್ಲಿ ಹಾಗಲ್ಲ. ಅಲ್ಲಿ ತಪ್ಪಿನ ಬೆಲೆ ತೆರುವವರು ಕೆಲಸ ಮಾಡಿದವರೇ ಆಗಬೇಕೆಂದಿಲ್ಲ. ಎಷ್ಟೋ ತಿಂಗಳ ಮೇಲೆ ಒದ್ದೆ ಕೈಯಿಂದ ಫ್ರಿಜ್ಜಿನ ಬಾಗಿಲು ಮುಟ್ಟಿದ ಮಗುವೇ ಆಗಬಹುದು.

ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರಲ್ಲಿ, ಶಿವನಸಮುದ್ರದಿಂದ ಹರಿದುಬಂದ ಶಕ್ತಿಯಿಂದ. ಅದೇ ದಶಕದಲ್ಲಿ, ಪ್ಲೇಗಿನ ಹಾವಳಿಯ ತರುವಾಯ, ದಂಡುಪ್ರದೇಶದಲ್ಲಿ ತಲೆಯೆತ್ತಿದ ಬಡಾವಣೆ ಫ್ರೇಜರ್ ಟೌನ್. ಇಂದಿನ ಪುಲಿಕೇಶಿನಗರವೆಂದರೆ ಅದೇ. ಮಸೀದಿ ರಸ್ತೆ, ಕೋಲ್ಸ್ ರಸ್ತೆಗಳ ಸುತ್ತಮುತ್ತ ಹೊಸ ವಸತಿ ಸಮುಚ್ಚಯಗಳ ನಡುವೆ ದಪ್ಪ ಗೋಡೆಯ ಹಳೆಯ ಮನೆಗಳೂ ಉಳಿದಿವೆ. ಇಂಥ ಮನೆಗಳ ಮೂಲ ವೈರಿಂಗು ಮರದ ಪಟ್ಟಿಯ ಮೇಲೆ ಓಡಿದ್ದು, ಫ್ಯೂಸು ಪಿಂಗಾಣಿಯದು. ನಾಲ್ಕು ದೀಪ, ಒಂದೆರಡು ಫ್ಯಾನು, ಒಂದು ರೇಡಿಯೋ, ಇಷ್ಟಕ್ಕೆ ಅದು ಸಾಕಾಗಿತ್ತು. ಈಗ ಗೀಸರು, ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ, ಗ್ಯಾರೇಜಿನಲ್ಲಿ ರಾತ್ರಿಯಿಡೀ ಚಾರ್ಜಾಗುವ ವಾಹನ! ಹೊರೆ ಹೆಚ್ಚಿತು, ಎಷ್ಟೋ ಕಡೆ ತಂತಿ ಮಾತ್ರ ಹಳೆಯದೇ ಉಳಿಯಿತು.

ಕಾನೂನು ಎಳೆದ ಗೆರೆ

ಮನೆಯವರು ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಕಾನೂನೇ ಹೇಳಿದೆ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿದ್ದ ಈ ಕಟ್ಟಳೆ 2010ರ ಸುರಕ್ಷತಾ ನಿಯಮಗಳಲ್ಲಿಯೂ ಮುಂದುವರಿಯಿತು. ದೀಪ, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಇದ್ದ ಹಾಗೆಯೇ ಬದಲಿಸುವುದಕ್ಕೆ ಅಡ್ಡಿಯಿಲ್ಲ. ಆದರೆ ಹೊಸ ತಂತಿ ಎಳೆಯುವುದು, ಹೊಸ ಪಾಯಿಂಟು ಕೊಡುವುದು, ಸಾಮರ್ಥ್ಯವನ್ನು ಹೆಚ್ಚಿಸುವುದು, ಇವು ಸರ್ಕಾರದ ಪರವಾನಗಿ ಪಡೆದ ಗುತ್ತಿಗೆದಾರರ ಕೆಲಸ.

ಬದಲಿಸುವ ಮೊದಲು ಮೇನ್ ಸ್ವಿಚ್ಚು ಆರಿಸಿ, ಅಲ್ಲಿ ಒಬ್ಬರನ್ನು ಕಾವಲಿಡಿ. ಟೆಸ್ಟರು ಸರಿಯಿದೆಯೇ ಎಂಬುದನ್ನು ಆರಿಸುವುದಕ್ಕೆ ಮುಂಚೆಯೇ, ವಿದ್ಯುತ್ತು ಇರುವ ಪ್ಲಗ್ಗಿನಲ್ಲಿ ನೋಡಿಕೊಳ್ಳಿ. ಕೆಟ್ಟ ಟೆಸ್ಟರೂ ಬೆಳಗುವುದಿಲ್ಲವಷ್ಟೆ.

ಹಸಿರು ತಂತಿಯ ಮಹತ್ವ

ಕೆಂಪು, ಹಳದಿ ಅಥವಾ ನೀಲಿ ಬಣ್ಣದ್ದು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಮೊದಲೆರಡು ತಂತಿಗಳಿಂದಲೇ ಯಂತ್ರ ಓಡುತ್ತದೆ. ಆದುದರಿಂದಲೇ ಹಸಿರು ತಂತಿ ಇಲ್ಲದಿದ್ದರೂ ಯಾರಿಗೂ ತಿಳಿಯುವುದಿಲ್ಲ. ಯಂತ್ರದೊಳಗೆ ತಂತಿ ಕಳಚಿ ಲೋಹದ ಮೈಗೆ ತಾಗಿದಾಗ, ಆ ವಿದ್ಯುತ್ತನ್ನು ನೆಲಕ್ಕೆ ಒಯ್ಯಬೇಕಾದದ್ದು ಹಸಿರು ತಂತಿ. ಅದಿಲ್ಲದಿದ್ದರೆ ಆ ದಾರಿ ಮುಟ್ಟಿದವರ ದೇಹವೇ ಆಗುತ್ತದೆ.

ಹಿಂದೆ ನೀರಿನ ಕಬ್ಬಿಣದ ಕೊಳವೆಗೇ ಅರ್ಥ್ ಸೇರಿಸುವ ರೂಢಿಯಿತ್ತು. ಕೊಳವೆ ಪ್ಲಾಸ್ಟಿಕ್ಕಿಗೆ ಬದಲಾದ ದಿನವೇ ಆ ರಕ್ಷಣೆ ಮಾಯವಾಯಿತು. ಇನ್ನು ಕೆಲವರು ಮೂರನೆಯ ರಂಧ್ರಕ್ಕೆ ನ್ಯೂಟ್ರಲ್ಲನ್ನೇ ಸೇರಿಸಿಬಿಡುತ್ತಾರೆ. ಇದು ಘೋರ ಅಪಾಯ: ಎಲ್ಲಿಯಾದರೂ ನ್ಯೂಟ್ರಲ್ ತುಂಡಾದರೆ, ಯಂತ್ರದ ಇಡೀ ಮೈಗೆ 230 ವೋಲ್ಟು ಏರಿ ನಿಲ್ಲಬಲ್ಲದು.

ಎಂ.ಸಿ.ಬಿ. ಇರುವುದು ತಂತಿಯನ್ನು ಕಾಯಲು. ಜೀವವನ್ನು ಕಾಯಲು ಅಲ್ಲ. ಮನುಷ್ಯನನ್ನು ಕೊಲ್ಲಲು ಒಂದು ಆಂಪೇರಿನ ಸಣ್ಣ ಅಂಶವೇ ಸಾಕು. ಅಷ್ಟಕ್ಕೆ 16 ಆಂಪೇರಿನ ಎಂ.ಸಿ.ಬಿ. ಮಿಸುಕುವುದೂ ಇಲ್ಲ. ಹೋದ ವಿದ್ಯುತ್ತಿಗೂ ಮರಳಿ ಬಂದುದಕ್ಕೂ 30 ಮಿಲಿಆಂಪೇರಿನಷ್ಟು ವ್ಯತ್ಯಾಸವಾದರೆ ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುವ ಆರ್.ಸಿ.ಸಿ.ಬಿ. ಎಂಬ ಸಾಧನ ಪ್ರತಿ ಮನೆಯಲ್ಲಿಯೂ ಇರಬೇಕು. ಇದು ಅರ್ಥ್ ತಂತಿಗೆ ಜೊತೆಗಾರನೇ ಹೊರತು ಬದಲಿಯಲ್ಲ.

ಗ್ಯಾರೇಜಿನ ಮಾತು

ವಿದ್ಯುತ್ ಕಾರಿಗೆ ಮನೆಯ ದೊಡ್ಡ ಪ್ಲಗ್ಗಿನಿಂದ ಸುಮಾರು 3 ಕಿಲೋವಾಟ್ ಎಳೆದರೆ, ತಂತಿಯಲ್ಲಿ 13 ಆಂಪೇರು ಗಂಟೆಗಟ್ಟಲೆ ಹರಿಯುತ್ತದೆ. ದೀಪದ ಸಾಲಿನ ಒಂದೂವರೆ ಚದರ ಮಿಲಿಮೀಟರಿನ ತಂತಿಗೆ ಇದನ್ನು ಕಟ್ಟುವುದು ಎತ್ತಿನ ಗಾಡಿಗೆ ರೈಲಿನ ಹೊರೆ ಹೇರಿದಂತೆ. ಗ್ಯಾರೇಜಿಗೆ ಮೀಟರು ಬೋರ್ಡಿನಿಂದಲೇ ಪ್ರತ್ಯೇಕ ತಂತಿ, ಪ್ರತ್ಯೇಕ ಎಂ.ಸಿ.ಬಿ. ಮತ್ತು ಆರ್.ಸಿ.ಸಿ.ಬಿ. ಬೇಕು. ಪ್ಲಗ್ಗು ಬಿಸಿಯಾದರೆ, ಸುಟ್ಟ ವಾಸನೆ ಬಂದರೆ ಚಾರ್ಜು ಮಾಡುವುದನ್ನು ಆ ಕೂಡಲೇ ನಿಲ್ಲಿಸಿ.

ನಮ್ಮದೇ ಆದ ವೈರಿಂಗು

ಕೈಕೆಲಸದ ಆಸೆಯುಳ್ಳವರು ನಿರಾಶರಾಗಬೇಕಿಲ್ಲ. ಇಂಟರ್‌ನೆಟ್ಟಿನ ತಂತಿ ಎಳೆಯುವುದು ಗೆರೆಯ ಈಚೆಗಿನ ಕೆಲಸ. ದಪ್ಪ ಗೋಡೆಯ ಮನೆಯಲ್ಲಿ ವೈಫೈ ಹಿಂದಿನ ಕೋಣೆಯನ್ನು ತಲಪದಿದ್ದರೆ ಕ್ಯಾಟ್ 6 ತಂತಿ ಎಳೆಯಿರಿ. ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳಲ್ಲಿ ತಂತಿ, ತುದಿಗಳು, ಒತ್ತುವ ಇಕ್ಕಳ ಎಲ್ಲವೂ ದೊರೆಯುತ್ತವೆ. ಎಂಟು ಎಳೆಗಳನ್ನು ಎರಡು ತುದಿಗಳಲ್ಲಿಯೂ ಒಂದೇ ಬಣ್ಣಕ್ರಮದಲ್ಲಿ ಜೋಡಿಸಬೇಕು. ಒಟ್ಟು ಉದ್ದ 100 ಮೀಟರು ಮೀರಬಾರದು. ಆದರೆ ವಿದ್ಯುತ್ ತಂತಿಯ ಕೊಳವೆಯೊಳಗೇ ಇದನ್ನು ತೂರಿಸಬೇಡಿ. ಬೇರೆ ಕೊಳವೆ ಇರಲಿ. ಅಂಗಳ ದಾಟಿ ಗ್ಯಾರೇಜಿಗೆ ಒಯ್ಯುವುದಾದರೆ ತಾಮ್ರದ ತಂತಿಗಿಂತ ಗಾಜಿನ ಎಳೆಯ ಫೈಬರು ಮೇಲು. ಅದರ ಮೂಲಕ ಸಿಡಿಲಿನ ವಿದ್ಯುತ್ತು ಒಳಗೆ ಬರುವ ಭಯವಿಲ್ಲ.

ಕೊನೆಗೊಂದು ಮಾತು. ಮನೆಯ ಬೋರ್ಡಿನಲ್ಲಿ ‘ಟಿ’ ಎಂಬ ಗುರುತಿನ ಸಣ್ಣ ಗುಂಡಿಯಿದೆಯೇ ನೋಡಿ. ಅದನ್ನು ಒತ್ತಿದೊಡನೆ ವಿದ್ಯುತ್ತು ಹೋಗಬೇಕು. ಹೋಗದಿದ್ದರೆ, ಅಥವಾ ಅಂಥ ಗುಂಡಿಯೇ ಇಲ್ಲದಿದ್ದರೆ, ನಾಳೆಯೇ ಪರವಾನಗಿಯುಳ್ಳ ಕುಶಲಿಯೊಬ್ಬರನ್ನು ಕರೆಸಿ, ಅರ್ಥ್ ತಂತಿಯನ್ನೂ ಪರೀಕ್ಷಿಸಿಕೊಳ್ಳಿ.