ಡ್ರೈವ್ ಸತ್ತಿಲ್ಲ, ಸ್ವಲ್ಪ ತಾಳಿ

ಶಿವಮೊಗ್ಗದ ನನ್ನ ರಿಪೇರಿ ಅಂಗಡಿಗೆ ಲ್ಯಾಪ್‌ಟಾಪ್ ಹೊತ್ತು ತರುವವರು ರೋಗದ ಜೊತೆ ತೀರ್ಪನ್ನೂ ತರುತ್ತಾರೆ. ‘ಬಯೋಸ್ ಅಪ್‌ಡೇಟ್ ಅಂತ ಬಂತು, ಓಕೆ ಕೊಟ್ಟೆ, ಹಾರ್ಡ್‌ಡಿಸ್ಕ್ ಹೋಯ್ತು.’ ಪರದೆ ಮೇಲೆ ‘ನೋ ಬೂಟಬಲ್ ಡಿವೈಸ್’ ಎಂಬ ಸಾಲು. ಒಳಗೆ ಯಾರದೋ ಪಿಎಚ್‌ಡಿ ಪ್ರಬಂಧ, ಮದುವೆ ಫೋಟೊ, ಜಿಎಸ್‌ಟಿ ಲೆಕ್ಕ. ಬ್ಯಾಕಪ್ ಮಾತ್ರ ಇರುವುದಿಲ್ಲ. ನಾನು ಮೊದಲು ಕೇಳುವುದು ಒಂದೇ: ಯಾರಾದರೂ ಫಾರ್ಮ್ಯಾಟ್ ಮಾಡಿದರಾ?

ವಿಂಡೋಸ್ ಏಳುವ ಮೊದಲೇ ಎದ್ದು ರ‍್ಯಾಮ್, ಕೀಬೋರ್ಡ್, ಡ್ರೈವ್‌ಗಳನ್ನೆಲ್ಲ ಗುರುತು ಹಿಡಿಯುವ ಒಂದು ಸಣ್ಣ ಪ್ರೋಗ್ರಾಂ ಮದರ್‌ಬೋರ್ಡಿನ ಚಿಪ್‌ನಲ್ಲಿ ಕೂತಿರುತ್ತದೆ. ಬಯೋಸ್ ಅಪ್‌ಡೇಟ್ ಬದಲಿಸುವುದು ಅದನ್ನು. ಹಾಗೆ ಬದಲಿಸುವಾಗ ಅದರ ಸೆಟ್ಟಿಂಗ್‌ಗಳು ಎಷ್ಟೋ ಸಲ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತವೆ. ವಿಂಡೋಸ್ ಎಲ್ಲಿದೆ ಎಂದು ಬರೆದಿಟ್ಟುಕೊಂಡ ನಮೂದೂ ಅಳಿಸಿಹೋಗಬಹುದು. ನಿಮ್ಮ ಕಡತಗಳಿರುವ ಡ್ರೈವ್ ಬೇರೆಯೇ ಭಾಗ. ಅದನ್ನು ಈ ಅಪ್‌ಡೇಟ್ ಮುಟ್ಟುವುದಿಲ್ಲ.

ಹಾಗಾಗಿ ಲ್ಯಾಪ್‌ಟಾಪ್ ಆನ್ ಮಾಡುತ್ತಲೇ ಎಫ್2, ಎಫ್10 ಅಥವಾ ಡಿಲೀಟ್ ಒತ್ತಿ (ಕಂಪನಿಗೊಂದು ಕೀಲಿ) ಬಯೋಸ್ ಒಳಗೆ ಹೋಗಿ ನೋಡಬೇಕು. ಅಲ್ಲಿ ಡ್ರೈವ್‌ನ ಹೆಸರು ಕಾಣುತ್ತದೆಯೇ ಇಲ್ಲವೇ? ಮುಂದಿನ ದಾರಿ ಕವಲೊಡೆಯುವುದು ಇಲ್ಲಿ.

ಹೆಸರು ಕಂಡರೆ ಮುಕ್ಕಾಲು ಚಿಂತೆ ಬಿಡಿ. ಬೂಟ್ ಪಟ್ಟಿಯಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಕೆಳಗಿಳಿದಿದ್ದರೆ ಮೇಲಕ್ಕೆ ತಂದರಾಯಿತು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಲೆಗಸಿ ಮೋಡ್ ಮತ್ತು ಯುಇಎಫ್ಐ ಮೋಡ್ ಅದಲುಬದಲಾಗಿರುತ್ತವೆ. ತಲೆ ತಿನ್ನುವುದು ಮೂರನೆಯದು: ಸ್ಟೋರೇಜ್ ಮೋಡ್. ವಿಂಡೋಸ್ ಹಾಕುವಾಗ ಎಎಚ್‌ಸಿಐ ಇದ್ದದ್ದು ಅಪ್‌ಡೇಟ್ ನಂತರ ರೇಡ್ ಆಗಿದ್ದರೆ, ಅಥವಾ ಅದರ ತಿರುವುಮುರುವಾಗಿದ್ದರೆ, ‘ಇನ್ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ನೀಲಿ ಪರದೆ ಬರುತ್ತದೆ. ಮೊದಲಿನ ಮೋಡ್‌ಗೆ ಮರಳಿಸಿದರೆ ವಿಂಡೋಸ್ ಸಾಮಾನ್ಯವಾಗಿ ಏನೂ ಆಗದಂತೆ ಎದ್ದು ಕೂರುತ್ತದೆ. ಇಂಟೆಲ್‌ನ 11ನೇ ತಲೆಮಾರಿನಿಂದೀಚಿನ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಇದೇ ಆಟವನ್ನು ವಿಎಂಡಿ ಎಂಬ ಆಯ್ಕೆ ಆಡುತ್ತದೆ. ಅದು ಆನ್ ಆಗಿದ್ದಾಗ ವಿಂಡೋಸ್ ಪೆನ್‌ಡ್ರೈವ್ ಹಾಕಿದರೆ, ಇಂಟೆಲ್ ಡ್ರೈವರ್ ಕೊಡುವವರೆಗೆ ಡ್ರೈವ್‌ಗಳ ಪಟ್ಟಿ ಖಾಲಿಯೇ ಇರಬಹುದು. ಅದನ್ನು ನೋಡಿ ‘ಎಸ್‌ಎಸ್‌ಡಿ ಸತ್ತಿದೆ, ಹೊಸದು ಹಾಕಿಸಿ’ ಎನ್ನುವವರು ನನ್ನ ಕಸುಬಿನಲ್ಲೇ ಇದ್ದಾರೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ.

ಇಷ್ಟಾದ ಮೇಲೆ ಡ್ರೈವ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಎದುರಾಗುವುದುಂಟು. ಬಯೋಸ್ ಬದಲಾದದ್ದನ್ನು ಭದ್ರತಾ ಚಿಪ್ ಗಮನಿಸಿ, 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಸಾಮಾನ್ಯವಾಗಿ ಮಾಲೀಕರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಮೊಬೈಲ್‌ನಿಂದಲೇ ನೋಡಬಹುದು. ತೊಡಕೇನೆಂದರೆ, ಲ್ಯಾಪ್‌ಟಾಪ್ ಮಾರಿದ ಅಂಗಡಿಯ ಹುಡುಗ ತನಗೆ ತೋಚಿದ ಇಮೇಲ್ ಹಾಕಿ ಖಾತೆ ತೆರೆದಿರುತ್ತಾನೆ. ಕೀ ಸಿಗದಿದ್ದರೆ ಡ್ರೈವ್ ಗಟ್ಟಿಮುಟ್ಟಾಗಿದ್ದರೂ ಒಳಗಿನದು ಯಾರಿಗೂ ದಕ್ಕದು, ನನಗೂ.

ಇನ್ನು ಬಯೋಸ್‌ನಲ್ಲೇ ಹೆಸರಿಲ್ಲದಿದ್ದರೆ? ಅಡಾಪ್ಟರ್ ಕಿತ್ತು, ಬ್ಯಾಟರಿ ತೆಗೆಯಬಹುದಾದರೆ ಅದನ್ನೂ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಉಳಿದ ವಿದ್ಯುತ್ ಹರಿದುಹೋಗಿ ಡ್ರೈವ್‌ನ ಕಂಟ್ರೋಲರ್ ಹೊಸದಾಗಿ ಶುರುವಾಗಲಿ. ಅದಕ್ಕೂ ಬಗ್ಗದಿದ್ದರೆ ಹಿಂಬದಿ ಬಿಚ್ಚಿ, ಎಂ.2 ಡ್ರೈವ್ ತೆಗೆದು ಮತ್ತೆ ಕೂರಿಸಿ, ಆ ಪುಟ್ಟ ಸ್ಕ್ರೂ ಹಾಕುತ್ತೇನೆ. ಆಮೇಲೆ ಅದನ್ನು ಯುಎಸ್‌ಬಿ ಕೇಸಿನಲ್ಲಿಟ್ಟು ಬೇರೆ ಕಂಪ್ಯೂಟರಿಗೆ ಸಿಕ್ಕಿಸುತ್ತೇನೆ. ಎನ್‌ವಿಎಂಇ ಡ್ರೈವ್‌ಗೆ ಸಾಟಾ ಕೇಸ್ ಕೊಂಡು ‘ಇಲ್ಲೂ ಕಾಣ್ತಿಲ್ಲ’ ಎಂದು ಅತ್ತವರಿದ್ದಾರೆ; ಎರಡೂ ನೋಡಲು ಒಂದೇ ಥರ, ಆಡುವ ಭಾಷೆ ಬೇರೆ. ಡ್ರೈವ್ ಅಲ್ಲಿ ಕಂಡರೆ ಮೊದಲು ನಕಲು ತೆಗೆದುಕೊಳ್ಳಿ. ತಪ್ಪು ಲ್ಯಾಪ್‌ಟಾಪಿನದು ಎಂದಾಯಿತು. ಹಳೆಯ ಬಯೋಸ್‌ಗೆ ಮರಳಲು ಕಂಪನಿ ಬಿಡುತ್ತದೆಯೇ ನೋಡಬೇಕು. ಮದರ್‌ಬೋರ್ಡಿಗೇ ಬೆಸೆದ ಸ್ಟೋರೇಜ್ ಇದ್ದರೆ ಈ ಪರೀಕ್ಷೆಗೆ ಅವಕಾಶವೇ ಇಲ್ಲ.

ಡ್ರೈವ್‌ನೊಳಗೂ ಅದರದೇ ಫರ್ಮ್‌ವೇರ್ ಇದೆ, ಅದಕ್ಕೂ ಅಪ್‌ಡೇಟ್ ಬರುತ್ತದೆ. ಅಪಾಯ ಹೆಚ್ಚಿರುವುದು ಅಲ್ಲಿ. 2009ರ ಜನವರಿಯಲ್ಲಿ ಸೀಗೇಟ್‌ನ ಬಾರಾಕುಡಾ 7200.11 ಹಾರ್ಡ್‌ಡಿಸ್ಕ್‌ಗಳು ಇದ್ದಕ್ಕಿದ್ದಂತೆ ಬಯೋಸ್‌ಗೆ ಕಾಣದಾಗುತ್ತಿದ್ದವು. ಅದನ್ನು ಸರಿಪಡಿಸಲು ಕಂಪನಿ ಬಿಟ್ಟ ಅಪ್‌ಡೇಟೇ 500 ಜಿಬಿಯ ಕೆಲವನ್ನು ಮಲಗಿಸಿ, ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಹಾಗೆಂದು ಅಪ್‌ಡೇಟ್ ಬೇಡವೇ ಬೇಡ ಎನ್ನುವವರಿಗೆ 2019ರ ನವೆಂಬರ್ ನೆನಪಿಸುತ್ತೇನೆ. ತನ್ನ ಸರ್ವರ್‌ಗಳ ಕೆಲವು ಎಸ್‌ಎಸ್‌ಡಿಗಳು 32,768 ಗಂಟೆ ಓಡಿದ ಮೇಲೆ ಪೂರ್ತಿ ಸಾಯುತ್ತವೆ ಎಂದು ಆಗ ಎಚ್‌ಪಿ ಎಂಟರ್‌ಪ್ರೈಸ್ ಎಚ್ಚರಿಸಿತ್ತು. ಪರಿಹಾರ ಹೊಸ ಫರ್ಮ್‌ವೇರ್ ಒಂದೇ.

ಮುಂದಿನ ಅಪ್‌ಡೇಟ್ ಬಂದಾಗ ಚಾರ್ಜರ್ ಹಾಕಿ, ಬಿಟ್‌ಲಾಕರ್ ತಾತ್ಕಾಲಿಕವಾಗಿ ನಿಲ್ಲಿಸಿ, ಬಯೋಸ್‌ನ ಸ್ಟೋರೇಜ್ ಮತ್ತು ಬೂಟ್ ಪುಟಗಳ ಫೋಟೊ ಮೊಬೈಲ್‌ನಲ್ಲಿ ತೆಗೆದಿಡಿ. ಮೊಬೈಲ್‌ನಲ್ಲೇ ಇರಲಿ. ಆ ಫೋಟೊಗಳನ್ನು ಜೋಪಾನವಾಗಿ ಅದೇ ಲ್ಯಾಪ್‌ಟಾಪಿಗೆ ಹಾಕಿ, ಮೊಬೈಲ್‌ನಿಂದ ಅಳಿಸಿ ಬಂದ ಗಿರಾಕಿಗಳೂ ನನಗಿದ್ದಾರೆ.