ಭೂಮಿ ಹುಣ್ಣಿಮೆ: ಹೊಡೆ ತುಂಬಿದ ಹೊಲಕ್ಕೆ ಸೀಮಂತ

ಆಶ್ವೀಜ ಶುದ್ಧ ಹುಣ್ಣಿಮೆಯಂದು ಮನೆಮಂದಿಯೆಲ್ಲ ಹೊಲಗದ್ದೆಗೆ ಬುತ್ತಿ ಒಯ್ದು, ಪೈರನ್ನು ಪೂಜಿಸಿ, ಅಲ್ಲೇ ಉಂಡು ಬರುವ ಹಬ್ಬ ಭೂಮಿ ಹುಣ್ಣಿಮೆ. ಬಯಲುಸೀಮೆಯವರಿಗೆ ಇದೇ ಸೀಗಿ ಹುಣ್ಣಿಮೆ. ವಿಜಯದಶಮಿಗೆ ಬನ್ನಿ ಹಂಚಿದ ಐದು ದಿನಕ್ಕೆ, ಸಾಮಾನ್ಯವಾಗಿ ಅಕ್ಟೋಬರಿನಲ್ಲಿ, ಹಸ್ತ-ಚಿತ್ತ ಮಳೆಗಳ ಆಸುಪಾಸಿನಲ್ಲಿ ಬರುತ್ತದೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಇದು ರೈತರ ದೊಡ್ಡ ಹಬ್ಬಗಳಲ್ಲೊಂದು. 1997ರಲ್ಲಿ ಈ ಜಿಲ್ಲೆ ಆಗುವವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ನ್ಯಾಮತಿ ಆಗಿನ್ನೂ ಹೊನ್ನಾಳಿ ತಾಲ್ಲೂಕಿನ ಊರು. ಹೀಗಾಗಿ ಒಂದೇ ಜಿಲ್ಲೆಯ ಪಶ್ಚಿಮಕ್ಕೆ ಮಲೆನಾಡಿನ ಸೆರಗು, ಪೂರ್ವಕ್ಕೆ ಮಳೆ ಕಡಿಮೆಯ ಎರೆ-ಮಸಾರಿ ನೆಲ. ಹಬ್ಬವೂ ಆಯಾ ಮಣ್ಣಿನ ಬಣ್ಣ ಹಚ್ಚಿಕೊಂಡಿದೆ.

ನಮ್ಮ ಬಹಳಷ್ಟು ಹಬ್ಬಗಳ ಬೆನ್ನಿಗೆ ಒಂದು ಪುರಾಣವಿರುತ್ತದೆ: ರಾಕ್ಷಸ ಸತ್ತ ದಿನ, ದೇವರು ಹುಟ್ಟಿದ ದಿನ. ಭೂಮಿ ಹುಣ್ಣಿಮೆಗೆ ಅಂಥ ಕಥೆಯ ಹಂಗು ಅಷ್ಟಾಗಿ ಇಲ್ಲ. ಇದರ ಮೂಲ ಬೆಳೆಯಲ್ಲಿದೆ. ಮುಂಗಾರಿನಲ್ಲಿ ನೆಟ್ಟ ಭತ್ತ ಈ ಹೊತ್ತಿಗೆ ಹೊಡೆ ಕಟ್ಟಿರುತ್ತದೆ, ಅಂದರೆ ತೆನೆ ಇನ್ನೂ ಹೊರಬಾರದೆ ಗರಿಯ ಬುಡದಲ್ಲಿ ಉಬ್ಬಿಕೊಂಡಿರುತ್ತದೆ. ಬೆಳೆ ಹೊತ್ತ ಭೂಮಿಯನ್ನು ಬಸುರಿಯಂತೆ ಕಂಡು, ತವರಿನವರು ಮಗಳ ಬಯಕೆ ತೀರಿಸುವ ಹಾಗೆ ಅವಳಿಗೆ ಬಗೆಬಗೆಯ ಅಡುಗೆ ಬಡಿಸುವುದೇ ಹಬ್ಬದ ತಿರುಳು. ಮಡಿಲು ತುಂಬುವುದು, ಹಸಿರು ಬಳೆ, ಕಣ, ಕಡುಬು ಎಲ್ಲವೂ ಸೀಮಂತದ ಮನೆಯಿಂದಲೇ ಗದ್ದೆಗೆ ನಡೆದು ಬಂದಿವೆ. ಪುರೋಹಿತರ ಕೆಲಸ ಇಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಬ್ಬವನ್ನು ನಡೆಸುವವರು ಹೆಚ್ಚಾಗಿ ಮನೆಯ ಹೆಂಗಸರು.

ಮಲೆನಾಡಿನ ಮಗ್ಗುಲಲ್ಲಿ ಹಬ್ಬದ ತಯಾರಿ ದಿನಗಟ್ಟಲೆ ನಡೆಯುತ್ತದೆ. ನೆರೆಯ ಶಿವಮೊಗ್ಗದ ಸಾಗರ, ಸೊರಬದ ದೀವರ ಸಮುದಾಯದ ಮನೆಗಳಲ್ಲಿ ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ ತೆನೆ, ಸಸಿ, ಏಣಿಯಂಥ ಸಾಲುಗಳ ಚಿತ್ತಾರ ಬರೆಯುತ್ತಾರೆ. ಭೂಮಣ್ಣಿ ಬುಟ್ಟಿ ಎಂಬ ಈ ಬುಟ್ಟಿಗಳು ಜೋಡಿಯಾಗಿರುತ್ತವೆ. ದೊಡ್ಡದರಲ್ಲಿ ಪೂಜೆಯ ಸಾಮಾನು, ಎಡೆ. ಚಿಕ್ಕದರಲ್ಲಿ ಭೂಮಿಗೆ ಬೀರುವ ಚರಗ. ಹುಣ್ಣಿಮೆಯ ಹಿಂದಿನ ರಾತ್ರಿ ಒಲೆ ಆರುವುದೇ ಇಲ್ಲ. ಕಾಡಿನ ಕುಡಿ, ಹಿತ್ತಲ ಸೊಪ್ಪು, ಅಮಟೆಕಾಯಿ, ಹೀರೆ, ಹಾಗಲ, ಸೌತೆ ಎಲ್ಲವನ್ನೂ ಹೆಚ್ಚಿ ಅನ್ನದ ಜೊತೆ ಬೇಯಿಸಿದ್ದೇ ಚರಗ. ನೂರೊಂದು ಬಗೆಯ ಸೊಪ್ಪು ಎನ್ನುವುದು ವಾಡಿಕೆಯ ಮಾತು. ಯಾರೂ ಕೂತು ಎಣಿಸುವುದಿಲ್ಲ. ಕೋಳಿ ಕೂಗುವ ಹೊತ್ತಿಗೆ ಮನೆಯ ಗಂಡಸು ಬುಟ್ಟಿ ಹೊತ್ತು, ದೀಪ ಹಿಡಿದು ಗದ್ದೆಯ ಅಂಚಿನುದ್ದಕ್ಕೂ ಚರಗ ಬೀರುತ್ತಾ, ಬಂದು ಉಣ್ಣೆಂದು ಭೂಮಿತಾಯಿಯನ್ನು ಕೂಗಿ ಕರೆಯುತ್ತಾನೆ. ಬೆಳಕು ಹರಿದ ಮೇಲೆ ಉಳಿದವರೆಲ್ಲ ಬಂದು ಬದುವಿನ ಮೇಲೆ ಬಾಳೆಕಂದು ನೆಟ್ಟು, ತೋರಣ ಕಟ್ಟಿ, ಭತ್ತದ ಬುಡಕ್ಕೆ ಕಣ, ಬಳೆ, ಕರಿಮಣಿ ಇಟ್ಟು ಪೂಜಿಸುತ್ತಾರೆ. ಕಾಗೆಗೊಂದು ಎಡೆ, ಇಲಿಗೊಂದು ಎಡೆ ಬೇರೆ ಇಡುವುದುಂಟು. ವರ್ಷವಿಡೀ ಬೆಳೆ ಕಡಿಯುವ ಇಲಿಯನ್ನೂ ಒಂದು ಹೊತ್ತು ನೆಂಟನನ್ನಾಗಿ ಮಾಡಿಕೊಳ್ಳುವ ಈ ಉಪಾಯದಲ್ಲಿ ಭಕ್ತಿಗಿಂತ ವ್ಯವಹಾರ ಹೆಚ್ಚಿರಬಹುದು. ಕೆಲವು ಕಡೆ ಒಂದು ಕಡುಬನ್ನು ಗದ್ದೆಯಲ್ಲೇ ಹೂತಿಟ್ಟು, ಕೊಯ್ಲಿನ ದಿನ ತೆಗೆದು ಪ್ರಸಾದವೆಂದು ಹಂಚುತ್ತಾರೆ.

ಪೂರ್ವಕ್ಕೆ ಸರಿದಂತೆ ಚಿತ್ತಾರದ ಬುಟ್ಟಿ ಮರೆಯಾಗಿ ಸಿಂಗರಿಸಿದ ಎತ್ತಿನ ಗಾಡಿ ಬರುತ್ತದೆ, ಈಗೀಗ ಟ್ರ್ಯಾಕ್ಟರ್. ಬಯಲುಸೀಮೆಯಲ್ಲಿ ಬನ್ನಿಗಿಡದ ಬುಡದಲ್ಲೋ ಹೊಲದ ನಡುವೆಯೋ ಐದು ಕಲ್ಲುಗಳನ್ನು ತೊಳೆದು, ಸುಣ್ಣ ಹಚ್ಚಿ, ಕುಂಕುಮವಿಟ್ಟು ಪಾಂಡವರೆಂದು ಪೂಜಿಸುವುದು ರೂಢಿ. ಅಕ್ಕಿಯ ಕಡುಬಿನ ಜಾಗಕ್ಕೆ ಜೋಳ, ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಎಣಗಾಯಿ, ಪುಂಡಿಪಲ್ಯ, ಮೊಸರನ್ನದ ಬುತ್ತಿ ಬರುತ್ತವೆ. ಚರಗ ಚೆಲ್ಲುವ ಪದ್ಧತಿ ಮಾತ್ರ ಎರಡೂ ಸೀಮೆಗೆ ಸಮಾನ. ಹಿಂಗಾರಿ ಜೋಳ ಬೆಳೆಯುವ ಎರೆಭೂಮಿಯಲ್ಲಿ ಈ ಹುಣ್ಣಿಮೆಗೆ ಪೈರು ಬಸುರಾಗಿರುವುದಿರಲಿ, ಬಿತ್ತನೆಯೇ ಮುಗಿದಿರುವುದಿಲ್ಲ. ಅಲ್ಲಿ ಚರಗದ ದೊಡ್ಡ ದಿನ ಎಳ್ಳಮಾಸೆ, ಡಿಸೆಂಬರ್-ಜನವರಿಯ ಅಮಾವಾಸ್ಯೆ. ದಿನವನ್ನು ಗೊತ್ತುಮಾಡಿದ್ದು ಪಂಚಾಂಗಕ್ಕಿಂತ ಪೈರು ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಇದೇ ಕಾಲದ ಹುಣ್ಣಿಮೆಯನ್ನು ಸುಗ್ಗಿಗೆ ತಳಕು ಹಾಕಿದ ನಾಡುಗಳು ಬೇರೆಯೂ ಇವೆ. ಚೀನಾದಲ್ಲಿ ಎಂಟನೆಯ ಚಾಂದ್ರಮಾಸದ ಹದಿನೈದನೆಯ ದಿನ ಮಧ್ಯ-ಶರತ್ಕಾಲದ ಹಬ್ಬ. ಹಿಂದೆ ಅರಸರು ಶರತ್ಕಾಲದಲ್ಲಿ ಚಂದ್ರನಿಗೆ ಸಲ್ಲಿಸುತ್ತಿದ್ದ ಪೂಜೆ ಅದರ ಬೇರು. ಸಾಂಗ್ ವಂಶದ ಆಳ್ವಿಕೆಯ (960–1279) ಹೊತ್ತಿಗೆ ಅದು ಜನಸಾಮಾನ್ಯರ ಹಬ್ಬವಾಗಿ ನೆಲೆಗೊಂಡಿತ್ತು. ಹೂರಣ ತುಂಬಿದ ಚಂದ್ರಾಕಾರದ ಸಿಹಿ ಹಂಚಿ, ಕುಟುಂಬದವರು ಒಟ್ಟಿಗೆ ಕೂತು ಚಂದ್ರನನ್ನು ನೋಡುತ್ತಾರೆ. ಅವರ ಕಥೆಗಳಲ್ಲಿ ಚಂದ್ರನ ಮೇಲೆ ಚಾಂಗ್-ಅ ಎಂಬ ದೇವತೆ ಇದ್ದಾಳೆ. ಅವರು ಮೇಲೆ ನೋಡಿದರೆ ನಮ್ಮವರು ಕೆಳಗೆ ನೋಡುತ್ತಾರೆ: ಹೆಸರಿಗೆ ಹುಣ್ಣಿಮೆಯಾದರೂ ಭೂಮಿ ಹುಣ್ಣಿಮೆಯಲ್ಲಿ ಚಂದ್ರನಿಗೆ ಹೆಚ್ಚಿನ ಪಾತ್ರವಿಲ್ಲ. ಸಾಮಾನ್ಯವಾಗಿ ಚೀನೀಯರ ಹಬ್ಬ ಒಂದು ತಿಂಗಳು ಮುಂಚೆ ಬರುತ್ತದೆ. 2024ರಲ್ಲಿ ಅದು ಸೆಪ್ಟೆಂಬರ್ 17ಕ್ಕೆ, ಇಲ್ಲಿಯದು ಅಕ್ಟೋಬರ್ 17ಕ್ಕೆ ಬಿದ್ದವು. ಚೀನಾದ ಪಂಚಾಂಗಕ್ಕೆ 2025ರಲ್ಲೇ ಅಧಿಕ ಮಾಸ ಸೇರಿ, ನಮ್ಮ ಅಧಿಕ ಮಾಸ 2026ಕ್ಕೆ ಉಳಿದದ್ದರಿಂದ 2025ರ ಅಕ್ಟೋಬರ್ ಮೊದಲ ವಾರದ ಒಂದೇ ಹುಣ್ಣಿಮೆ ಎರಡೂ ನಾಡಿಗೆ ಹಬ್ಬವಾಯಿತು.

ಬೆಳೆ ಬದಲಾದಂತೆ ಹಬ್ಬಕ್ಕೂ ಪೈರಿಗೂ ಇದ್ದ ತಾಳ ಈಚೆಗೆ ತಪ್ಪುತ್ತಿದೆ. ಲಕ್ಕವಳ್ಳಿಯ ಭದ್ರಾ ಜಲಾಶಯದ ನಾಲೆ ಹರಿಯುವ ಚನ್ನಗಿರಿ, ಹೊನ್ನಾಳಿ ಕಡೆ ನಾಟಿಯ ದಿನವನ್ನು ಮಳೆಗಿಂತ ಹೆಚ್ಚಾಗಿ ನಾಲೆಗೆ ನೀರು ಬಿಡುವ ದಿನ ತೀರ್ಮಾನಿಸುತ್ತದೆ. ನೀರು ತಡವಾದ ವರ್ಷ ಹುಣ್ಣಿಮೆಗೆ ಭತ್ತ ಇನ್ನೂ ತೆಂಡೆ ಒಡೆಯುತ್ತಿರುತ್ತದೆ. ಚನ್ನಗಿರಿಯಲ್ಲಿ ಬಹಳಷ್ಟು ಗದ್ದೆಗಳು ಅಡಿಕೆ ತೋಟಗಳಾಗಿವೆ. ಆ ವೇಳೆಗೆ ಅಲ್ಲಿ ಕೊನೆ ಇಳಿಸಿ ಅಡಿಕೆ ಬೇಯಿಸುವ ಭರಾಟೆ, ಪೂಜೆ ಅಡಿಕೆ ಮರದ ಬುಡಕ್ಕೆ. ಜಗಳೂರಿನ ಹೊಲಗಳನ್ನು ಬಹುಪಾಲು ಆವರಿಸಿರುವ ಮೆಕ್ಕೆಜೋಳ ಆಗಲೇ ಒಣಗಿ ಮುರಿಯಲು ಸಿದ್ಧವಾಗಿರುತ್ತದೆ, ಸೀಮಂತದ ದಿನಕ್ಕೆ ಹೆರಿಗೆಯೇ ಆಗಿಹೋಗಿರುತ್ತದೆ. ಆದರೂ ಚರಗ ನಿಂತಿಲ್ಲ. ವಾಲ್ಮೀಕಿ ಜಯಂತಿಯೂ ಇದೇ ಹುಣ್ಣಿಮೆಗೆ ಬರುವುದರಿಂದ ಸರ್ಕಾರಿ ರಜೆ ಸಿಗುತ್ತದೆ. ವಾಲ್ಮೀಕಿ ನಾಯಕ ಸಮುದಾಯದವರು ಹೆಚ್ಚಿರುವ ಜಗಳೂರಿನಲ್ಲಿ ಅಂದು ಜಯಂತಿಯ ಸಡಗರವೂ ಜೊತೆಗೂಡುತ್ತದೆ. ದಾವಣಗೆರೆ, ಬೆಂಗಳೂರು ಸೇರಿದವರು ರಜೆಯ ನೆಪದಲ್ಲಿ ಮಕ್ಕಳನ್ನು ಕರೆದುಕೊಂಡು ಊರಿಗೆ ಬಂದು ಹೊಲದಲ್ಲಿ ಉಣ್ಣುತ್ತಾರೆ.