ಕನ್ನಡಿ ಚಿಪ್ ಕೇಳೋ ಮುಂಚೆ

ಡಿಎಲ್‌ಪಿ ಅಂತ ಬರೆದಿರೋ ಪ್ರೊಜೆಕ್ಟರ್ ಬಿಚ್ಚಿದ್ರೆ ಒಳಗೆ ಹೊಳೆಯೋ ಪುಟ್ಟ ಚಿಪ್ ಒಂದಿರುತ್ತೆ. ಅದೇ ಡಿಜಿಟಲ್ ಮೈಕ್ರೋಮಿರರ್ ಡಿವೈಸ್, ಚಿಕ್ಕದಾಗಿ ಡಿಎಮ್‌ಡಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಕಂಡುಹಿಡಿದದ್ದು. ಇದಕ್ಕೇ 2015ರಲ್ಲಿ ಅವರಿಗೆ ಆಸ್ಕರ್ ಬಂತು. (ಎಂಜಿನಿಯರ್‌ಗೂ ಆಸ್ಕರ್ ಸಿಗುತ್ತೆ, ಮನೇಲಿ ಹೇಳಿ!) ಚಿಪ್ ಮೇಲೆ ಲಕ್ಷಗಟ್ಟಲೆ ಅಲ್ಯುಮಿನಿಯಂ ಕನ್ನಡಿಗಳು. ಒಂದೊಂದೂ ಸುಮಾರು 12 ಡಿಗ್ರಿ ಆ ಕಡೆ ಇಲ್ಲಾ ಈ ಕಡೆ ವಾಲುತ್ತೆ. ಒಂದು ಕಡೆ ವಾಲಿದ್ರೆ ಬೆಳಕು ಲೆನ್ಸ್‌ಗೆ ಹೋಗುತ್ತೆ, ಇನ್ನೊಂದು ಕಡೆ ವಾಲಿದ್ರೆ ಲೆನ್ಸ್‌ನಿಂದ ಆಚೆಗೆ.

ನಾವು ನಾಲ್ಕು ಜನ ಇದನ್ನ ಲ್ಯಾಬ್‌ನ ಫ್ಲೂರೆಸೆನ್ಸ್ ಮೈಕ್ರೋಸ್ಕೋಪ್‌ಗೆ ಜೋಡಿಸೋಕೆ ಹೊರಟಿದೀವಿ. ದಪ್ಪ ಸ್ಯಾಂಪಲ್ ಇಟ್ರೆ ಫೋಕಸ್‌ನಲ್ಲಿರೋ ಪದರದ ಮೇಲೆ ಉಳಿದ ಪದರಗಳ ಮಸುಕೂ ಬಂದು ಕೂರುತ್ತೆ. 1997ರಲ್ಲಿ ಆಕ್ಸ್‌ಫರ್ಡ್‌ನವರು ಇದಕ್ಕೊಂದು ದಾರಿ ತೋರಿಸಿದ್ರು: ಪಟ್ಟೆಪಟ್ಟೆಯಾಗಿ ಬೆಳಕು ಬಿಟ್ಟು, ಪ್ರತಿ ಸಲ ಪಟ್ಟೆಯನ್ನ ಮೂರನೇ ಒಂದು ಭಾಗ ಸರಿಸಿ, ಮೂರು ಫೋಟೋ ತೆಗೆಯೋದು. ಪಟ್ಟೆ ಚೆನ್ನಾಗಿ ಮೂಡೋದು ಫೋಕಸ್ ಪದರದಲ್ಲಿ ಮಾತ್ರ. ಆದ್ದರಿಂದ ಮೂರು ಫೋಟೋಗಳಲ್ಲಿ ಬದಲಾಗದೆ ಉಳಿಯೋದೇ ಮಸುಕು, ಅದನ್ನ ಲೆಕ್ಕದಲ್ಲಿ ಕಳೆದುಬಿಡಬಹುದು. ಡಿಎಮ್‌ಡಿ ಇದ್ರೆ ಪಟ್ಟೆ ಸರಿಸೋಕೆ ಮೋಟಾರ್ ಬೇಡ, ಇನ್ನೊಂದು ಚಿತ್ರ ಲೋಡ್ ಮಾಡಿದ್ರಾಯ್ತು.

ಆದ್ರೆ ಚಿಪ್ ಎಲ್ಲಿಂದ ತರೋದು? ಆಪ್-ಆಂಪ್ ತರ ಎರಡು ಸ್ಯಾಂಪಲ್ ಕಳಿಸಿ ಅಂತ ಕೇಳಿ ಬ್ರೆಡ್‌ಬೋರ್ಡ್‌ಗೆ ಚುಚ್ಚೋ ವಸ್ತು ಅಲ್ಲ ಇದು. ಕನ್ನಡಿಗಳನ್ನ ಸರಿಯಾದ ವೋಲ್ಟೇಜ್‌ನಲ್ಲಿ, ಸರಿಯಾದ ಕ್ಷಣಕ್ಕೆ ವಾಲಿಸೋಕೆ ಅದರದ್ದೇ ಕಂಟ್ರೋಲರ್ ಬೇಕು. ರಿಪೇರಿ ಅಂಗಡಿಯ ಬಿಡಿ ಚಿಪ್ ಒಂದೇ ತಂದ್ರೆ ಅದು ದುಬಾರಿ ಕನ್ನಡಿ ಅಷ್ಟೇ. ಹಳೇ ಪ್ರೊಜೆಕ್ಟರ್ ಬಿಚ್ಚಿ ಕಲಿಯೋದು ಮಜಾನೇ, ಆದ್ರೆ ಅದು ಬೂದು ಬಣ್ಣ ತೋರಿಸೋದು ಕನ್ನಡಿಗಳನ್ನ ಪಟಪಟ ಆನ್-ಆಫ್ ಮಾಡಿ. ಕಣ್ಣಿಗೆ ಗೊತ್ತಾಗಲ್ಲ, ಕ್ಯಾಮೆರಾಗೆ ಗೊತ್ತಾಗುತ್ತೆ. ಫೋಟೋದಲ್ಲಿ ನಾವು ಬಿಡದೇ ಇರೋ ಪಟ್ಟೆಗಳೂ ಬರ್ತವೆ.

ನಮ್ಮ ದುಡ್ಡಲ್ಲಿ ಒಂದೇ ಒಂದು ವಸ್ತು ಬರುತ್ತೆ, ತಪ್ಪಾದದ್ದು ತಂದ್ರೆ ಪ್ರಾಜೆಕ್ಟ್ ಅಲ್ಲಿಗೇ ನಿಲ್ಲುತ್ತೆ. ಅದಕ್ಕೆ ನಾವು ಕೇಳ್ತಿರೋದು ಚಿಪ್ ಅಲ್ಲ, ಇವ್ಯಾಲ್ಯುಯೇಷನ್ ಬೋರ್ಡ್. ಲೈಟ್‌ಕ್ರಾಫ್ಟರ್ 4500 ಅನ್ನೋದ್ರಲ್ಲಿ 912×1140 ಕನ್ನಡಿಗಳಿವೆ. ಬರೀ ಕಪ್ಪು-ಬಿಳುಪಿನ ಪ್ಯಾಟರ್ನ್ ಆದ್ರೆ ಸೆಕೆಂಡಿಗೆ 4225ರವರೆಗೂ ಓಡಿಸಬಹುದು. ಮುಖ್ಯವಾಗಿ ಟ್ರಿಗರ್ ಪಿನ್ ಇದೆ, ಪ್ಯಾಟರ್ನ್ ಬದಲಾದ ಕೂಡಲೇ ಕ್ಯಾಮೆರಾಗೆ ಸಿಗ್ನಲ್ ಹೋಗುತ್ತೆ.

ಕೇಳೋ ಮುಂಚೆ ಲೆಕ್ಕ ಹಾಕಿ. ಕನ್ನಡಿಯಿಂದ ಕನ್ನಡಿಗೆ 7.6 ಮೈಕ್ರಾನ್. 40ಎಕ್ಸ್ ಆಬ್ಜೆಕ್ಟಿವ್ ಮೂಲಕ ಅಷ್ಟೇ ಪಟ್ಟು ಕುಗ್ಗಿಸಿದ್ರೆ ಸ್ಯಾಂಪಲ್ ಮೇಲೆ 0.19. ಆಬ್ಜೆಕ್ಟಿವ್‌ನ ಎನ್‌ಎ 0.65, ಬೆಳಕು 520 ನ್ಯಾನೋಮೀಟರ್ ಅಂತಿಟ್ಕೊಳ್ಳಿ: 0.4 ಮೈಕ್ರಾನ್‌ಗಿಂತ ಒತ್ತಾದ ಪಟ್ಟೆ ಹಾದುಹೋಗೋದೇ ಇಲ್ಲ. ಒಂದು ಆನ್, ಒಂದು ಆಫ್ ಅಂದ್ರೆ 0.38, ಔಟ್! ಮೂರು ಆನ್, ಮೂರು ಆಫ್ ಅಂದ್ರೆ 1.14, ಆರಾಮಾಗಿ ಹೋಗುತ್ತೆ. ಆರು ಕನ್ನಡಿಗಳಲ್ಲಿ ಮೂರನೇ ಒಂದು ಭಾಗ ಅಂದ್ರೆ ಸರಿಯಾಗಿ ಎರಡು ಕನ್ನಡಿ, ಸರಿಸೋಕೂ ಸುಲಭ.

ಲೇಸರ್ ಬೇಡ ಅನ್ನೋದು ನಮ್ಮ ಅಭಿಪ್ರಾಯ. ಲೇಸರ್ ಬಿಟ್ರೆ ಕನ್ನಡಿಗಳ ಸಾಲು ಡಿಫ್ರಾಕ್ಷನ್ ಗ್ರೇಟಿಂಗ್ ತರ ವರ್ತಿಸಿ ಬೆಳಕನ್ನ ಚೆಲ್ಲಾಪಿಲ್ಲಿ ಮಾಡುತ್ತೆ. ಎಲ್‌ಇಡಿ ಸಾಕು.

ವಿತರಕರಿಗೆ ಬರೆಯೋ ಪತ್ರದಲ್ಲಿ "ರಿಸರ್ಚ್‌ಗೆ ಬೇಕು, ದಯವಿಟ್ಟು ಕಳಿಸಿ" ಅಂದ್ರೆ ಯಾರಿಗೂ ಏನೂ ತಿಳಿಯಲ್ಲ. ನಾವು ಬರೆದಿರೋದು ಇಷ್ಟು: ಬೆಳಕಿನ ತರಂಗಾಂತರ, ಕನ್ನಡಿಗಳ ಅಂತರ, ಬೇಕಾದ ಪ್ಯಾಟರ್ನ್ ವೇಗ, ಟ್ರಿಗರ್ ಬೇಕೇ ಬೇಕು ಅನ್ನೋದು, ಪ್ರೊಜೆಕ್ಷನ್ ಲೆನ್ಸ್ ಇಲ್ಲದ ಬೋರ್ಡ್ ಸಿಗುತ್ತಾ ಅನ್ನೋ ಪ್ರಶ್ನೆ, ಕೆಳಗೆ ಗೈಡ್ ಸಹಿ ಮತ್ತು ಕಾಲೇಜಿನ ಸೀಲು.